ಕಲಿಕೆಗೆ ಯಾವುದು: ಹಳೆಯ ಎಚ್‌ಎಂಟಿ ಜನತಾವೋ, ಎಸ್‌ಟಿ36 ಯಂತ್ರವೋ?

ಕೀಲಿ ಕೊಡುವ ಕೈಗಡಿಯಾರವನ್ನು ಬಿಚ್ಚಿ ಜೋಡಿಸಲು ಹೊರಟವರಿಗೆ, ಎಚ್‌ಎಂಟಿ ಕಾರ್ಖಾನೆಯಿದ್ದ ತುಮಕೂರಿನಲ್ಲಿ, ಹಳೆಯ ಜನತಾ ಮೊದಲು ನೆನಪಾಗುವುದು ಸಹಜ. ಕೆಟ್ಟುನಿಂತ ಇನ್ನೊಂದು ಜನತಾ ಕೊಂಡರೆ ಬಿಡಿಭಾಗಗಳೂ ಸಿಕ್ಕಂತೆ. ಆದರೆ ಒಣಗಿದ ಎಣ್ಣೆ, ಸವೆದ ತಿರುಪುಗಳಿದ್ದಾಗ, ಜೋಡಿಸಿದ ಮೇಲೆ ಓಡದಿದ್ದರೆ ತಪ್ಪು ನಮ್ಮದೋ ಗಡಿಯಾರದ್ದೋ ತಿಳಿಯುವುದಿಲ್ಲ. ಚೀನಾದ ಎಸ್‌ಟಿ36 ಸುಮಾರು 36.6 ಮಿ.ಮೀ. ವ್ಯಾಸದ, ಕೀಲಿ ಕೊಡುವ ಗಡಿಯಾರದ ಒಳಯಂತ್ರ; ಅದರ ದೊಡ್ಡ ಚಕ್ರಗಳು ಚಿಮಟಕ್ಕೆ ಸುಲಭವಾಗಿ ಸಿಗುತ್ತವೆ, ಹೊಸದಾದ್ದರಿಂದ ಬಿಚ್ಚುವ ಮುನ್ನ ಓಡಿಸಿ ನೋಡಿಕೊಳ್ಳಲೂಬಹುದು. ಯಾವುದನ್ನೇ ಆರಿಸಿದರೂ, ಪ್ಯಾಲೆಟ್ ಫೋರ್ಕ್ (ಚಕ್ರಗಳನ್ನು ತಡೆತಡೆದು ಬಿಡುವ ಕವೆಯಂಥ ಭಾಗ) ತೆಗೆಯುವ ಮುನ್ನ ಕೀಲಿಯ ತಿರುಗಣೆಯನ್ನು ಬೆರಳಲ್ಲಿ ಹಿಡಿದು, ಸ್ಪ್ರಿಂಗು ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆಯಾದ ಕ್ಲಿಕ್ಕನ್ನು ಸರಿಸಿ, ಸ್ಪ್ರಿಂಗಿನ ಬಿಗುವನ್ನು ಮೆಲ್ಲನೆ ಇಳಿಸಬೇಕು. ಇಲ್ಲವಾದರೆ ಚಕ್ರಗಳು ಗಿರ್ರನೆ ತಿರುಗಿ ಅವುಗಳ ಸೂಜಿಮೊನೆಯಂಥ ತುದಿ ಮುರಿಯಬಹುದು. ಕೈ ಪಳಗಿಸಿಕೊಳ್ಳುವುದೇ ಗುರಿಯಾದರೆ ಎಸ್‌ಟಿ36 ವಾಸಿ. ತಾತನ ಜನತಾವನ್ನೇ ಮತ್ತೆ ಓಡಿಸಬೇಕೆನ್ನುವವರು ಅಭ್ಯಾಸಕ್ಕೆ ಬೇರೊಂದು ಜನತಾ ಹುಡುಕಿಕೊಳ್ಳುವುದು ಒಳ್ಳೆಯದು.