ಬಿಎಸ್ಸಿ ನಂತರ ಭೌತವಿಜ್ಞಾನ: ಐಸಿಟಿಎಸ್‌ಗೋ, ಐಐಎಸ್ಸಿಗೋ?

ಬೆಳಗಾವಿ, ವಿಜಯಪುರದ ಕಾಲೇಜುಗಳಲ್ಲಿ ಬಿಎಸ್ಸಿ ಮುಗಿಸಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಸ್ನಾತಕೋತ್ತರ, ಪಿಎಚ್‌ಡಿ ಎರಡೂ ಸೇರಿದ ಕೋರ್ಸ್) ಹೊರಟವರು ಮೊದಲು ಕೇಳಿಕೊಳ್ಳಬೇಕಾದದ್ದು: ಪ್ರಯೋಗಾಲಯ ಬೇಕೇ?

ಬೇಕಿದ್ದರೆ ಬೆಂಗಳೂರಿನ ಐಐಎಸ್ಸಿ (ಭಾರತೀಯ ವಿಜ್ಞಾನ ಸಂಸ್ಥೆ). 1909ರ ಸಂಸ್ಥೆ, ಪ್ರಯೋಗ, ಸಿದ್ಧಾಂತ ಎರಡೂ ಇವೆ. ಯಾವುದು ಒಗ್ಗುತ್ತದೆಂದು ಒಳಗೆ ಹೋದಮೇಲೂ ನಿರ್ಧರಿಸಬಹುದು.

ಬೆಂಗಳೂರಿನ ಹೆಸರಘಟ್ಟ ಬಳಿಯ ಐಸಿಟಿಎಸ್ (ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ), 2007ರಲ್ಲಿ ಆರಂಭವಾದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಕೇಂದ್ರ. ಇಲ್ಲಿ ಇರುವುದು ಸಿದ್ಧಾಂತ, ಗಣಿತ, ಕಂಪ್ಯೂಟರ್ ಲೆಕ್ಕಾಚಾರ. ಗುರುತ್ವ ತರಂಗ, ಮುಂಗಾರು, ಸ್ಟ್ರಿಂಗ್ ಸಿದ್ಧಾಂತದವರು ಒಂದೇ ಸೂರಿನಡಿ ಕೂತು ಚರ್ಚಿಸುತ್ತಾರೆ. ವರ್ಷವಿಡೀ ನಡೆಯುವ ಕಾರ್ಯಾಗಾರಗಳಿಗೆ ಹೊರದೇಶದ ವಿಜ್ಞಾನಿಗಳೂ ಬರುತ್ತಾರೆ. ಗಣಿತದಲ್ಲಿ ಮನಸ್ಸು ನೆಟ್ಟವರಿಗೆ ನಮ್ಮ ಮತ ಇದಕ್ಕೇ.

ಹಲವರು ಎಡವುವುದು ಪರೀಕ್ಷೆಯಲ್ಲಿ. ಐಐಎಸ್ಸಿಗೆ ಬೇಕಾಗುವ ಜಾಮ್ (ಎಂಎಸ್ಸಿಯಂಥ ಕೋರ್ಸ್‌ಗಳ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ) ಒಂದನ್ನೇ ಬರೆದು ಕೂರಬೇಡಿ. ಐಸಿಟಿಎಸ್ ಭೌತವಿಜ್ಞಾನಕ್ಕೆ ಜೆಸ್ಟ್ (ಸಂಶೋಧನಾ ಸಂಸ್ಥೆಗಳ ಜಂಟಿ ಪ್ರವೇಶ ಪರೀಕ್ಷೆ) ಬರೆಯಿರಿ. ಕೊನೆಯ ವರ್ಷದ ಆರಂಭದಲ್ಲೇ ಎರಡರ ಅರ್ಜಿ ದಿನಾಂಕ ಗುರುತಿಟ್ಟುಕೊಳ್ಳಿ. ಸಂದರ್ಶನದಲ್ಲಿ ಸೂತ್ರ ಒಪ್ಪಿಸಿದರೆ ಸಾಲದು, ಹಲಗೆಯ ಮೇಲೆ ಬಿಡಿಸಿ ತೋರಿಸಬೇಕು.