ಆರು ತಿಂಗಳ ತೂಕ ಇಳಿಕೆ ಪ್ಯಾಕೇಜ್: ಚುಚ್ಚುಮದ್ದು ನಿಲ್ಲಿಸಿದ ಮೇಲೆ ಬರೆಯುತ್ತಿರುವ ಅಭಿಪ್ರಾಯ

ಬೆಂಗಳೂರಿನ ಒಂದು ತೂಕ ಇಳಿಕೆ ಕ್ಲಿನಿಕ್ಕಿನಲ್ಲಿ ನಾನು ಆರು ತಿಂಗಳು ತಿರ್ಜೆಪಟೈಡ್ ಚುಚ್ಚುಮದ್ದಿನ ಚಿಕಿತ್ಸೆ ಪಡೆದೆ. ಅದು ಮುಗಿದು ಈಗ ಏಳು ತಿಂಗಳಾಗಿದೆ. ಇಂಥ ಕ್ಲಿನಿಕ್ಕುಗಳ ಬಗ್ಗೆ ಜನ ಅಭಿಪ್ರಾಯ ಬರೆಯುವುದು ಹೆಚ್ಚಾಗಿ ತೂಕ ಇಳಿದ ಸಂತೋಷದಲ್ಲಿ, ಅಂದರೆ ಔಷಧ ಇನ್ನೂ ಮೈಯಲ್ಲಿರುವಾಗಲೇ. ನಾನೂ ಆಗ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಟ್ಟುಬಿಡುತ್ತಿದ್ದೆ.

ಔಷಧದ ಗುಣವನ್ನು ಮೊದಲು ಹೇಳಬೇಕು. ಮೌಂಜಾರೋ ಎಂಬ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ತಿರ್ಜೆಪಟೈಡ್, ನಮ್ಮ ಕರುಳಿನಲ್ಲಿ ಸಹಜವಾಗಿ ಸ್ರವಿಸುವ ಎರಡು ಹಾರ್ಮೋನುಗಳಂತೆ ಕೆಲಸ ಮಾಡುತ್ತದೆ; ಜಠರ ನಿಧಾನವಾಗಿ ಖಾಲಿಯಾಗುವಂತೆ ಮಾಡಿ, ಹಸಿವನ್ನು ನಿಯಂತ್ರಿಸುವ ಮಿದುಳಿನ ಭಾಗಕ್ಕೆ ‘ಸಾಕು’ ಎಂಬ ಸೂಚನೆ ಕೊಡುತ್ತದೆ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಫ್ರಿಜ್ಜಿನಿಂದ ತೆಗೆದ ಪುಟ್ಟ ಸೀಸೆಯ ಔಷಧವನ್ನು ಇನ್ಸುಲಿನ್ ಸಿರಿಂಜಿಗೆ ಎಳೆದುಕೊಂಡು ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುತ್ತಿದ್ದೆ. ಎರಡನೆಯ ತಿಂಗಳಿಗೆಲ್ಲ ಅರ್ಧ ರಾಗಿ ಮುದ್ದೆಗೆ ಕೈ ತಾನಾಗಿ ನಿಲ್ಲತೊಡಗಿತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಊಟದ ಯೋಚನೆಯಿಲ್ಲದೆ ಒಂದು ಮಧ್ಯಾಹ್ನ ಪೂರ್ತಿ ಉತ್ತರಪತ್ರಿಕೆಗಳನ್ನು ತಿದ್ದಿದೆ. 94 ಕಿಲೋ ಇದ್ದವಳು 80ಕ್ಕೆ ಇಳಿದೆ. ಡಯಟೀಶಿಯನ್ ಪ್ರತಿ ವಾರ ತಪ್ಪದೆ ಕರೆ ಮಾಡುತ್ತಿದ್ದರು, ವಾಕರಿಕೆ ಬಂದಾಗ ಡೋಸ್ ಏರಿಸುವುದನ್ನು ಮುಂದೂಡಿದರು. ಇಷ್ಟರಮಟ್ಟಿಗೆ ಆ ಕ್ಲಿನಿಕ್ಕಿನ ಸೇವೆಯಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ.

ಕೊರತೆ ಕಂಡದ್ದು ಕೊನೆಯ ದಿನ. ತೂಕ ನೋಡಿದರು, ಮೊದಲಿನ ಮತ್ತು ಈಗಿನ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು, ‘ಮೇಡಂ, ಇನ್ನು ಡಯಟ್ ಕಾಪಾಡಿಕೊಳ್ಳಿ’ ಎಂದರು. ಔಷಧ ನಿಂತ ಮೇಲೆ ದೇಹದಲ್ಲಿ ಏನಾಗುತ್ತದೆ, ಯಾವಾಗ ಏನನ್ನು ಪರೀಕ್ಷಿಸಿಕೊಳ್ಳಬೇಕು ಎಂಬುದರ ಬಗ್ಗೆ ಒಂದು ಮಾತೂ ಬರಲಿಲ್ಲ.

ಈ ಔಷಧವನ್ನು ನಿಲ್ಲಿಸಿದರೆ ಕುಡಿತ ಬಿಟ್ಟವರಿಗೆ ಆಗುವಂತೆ ಕೈ ನಡುಗುವುದಿಲ್ಲ, ಬೆವರುವುದಿಲ್ಲ. ಹಾಗಾಗಿಯೇ ಏನೂ ಆಗಲಿಲ್ಲವೆಂದು ನಾವು ಭಾವಿಸುತ್ತೇವೆ. ತಿರ್ಜೆಪಟೈಡ್‌ನ ಪ್ರಮಾಣ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ದಿನ ಬೇಕು. ಪೂರ್ತಿ ಹೊರಹೋಗಲು ನಾಲ್ಕೈದು ವಾರಗಳೇ ಹಿಡಿಯುತ್ತವೆ. ಆ ಮೊದಲ ತಿಂಗಳಲ್ಲಿ ನನ್ನ ತೂಕ ಕದಲಲಿಲ್ಲ, ಆದ್ದರಿಂದ ನನ್ನ ಅಭ್ಯಾಸಗಳೇ ಬದಲಾಗಿವೆ ಎಂದು ನಂಬಿದ್ದೆ. ಏಳನೆಯ ವಾರದ ಒಂದು ರಾತ್ರಿ, ಎಂಟಕ್ಕೆ ಊಟ ಮುಗಿಸಿದ್ದವಳು ಒಂಬತ್ತೂವರೆಗೆ ಅಡುಗೆಮನೆಯ ದೀಪ ಹಾಕದೆ, ನಿಂತುಕೊಂಡೇ ಡಬ್ಬಿಯಿಂದ ಕೋಡುಬಳೆ ತಿನ್ನುತ್ತಿದ್ದೆ. ಹಳೆಯ ಹಸಿವು ಅದೇ ಹೊತ್ತಿಗೆ, ಅದೇ ಜೋರಿನಲ್ಲಿ ಮರಳಿತ್ತು. ಇದನ್ನು ನಾಲಿಗೆಯ ಚಪಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತೂಕ ಇಳಿದ ದೇಹ ಹಳೆಯ ತೂಕಕ್ಕೆ ಮರಳಲು ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ಕಡಿಮೆ ಮಾಡುತ್ತದೆ. ಔಷಧ ಇರುವವರೆಗೆ ಅದನ್ನು ತಡೆದು ಹಿಡಿದಿರುತ್ತದೆ, ಅಷ್ಟೆ.

ಇದು ನನ್ನೊಬ್ಬಳ ಅನುಭವವಲ್ಲ. ಸರ್ಮೌಂಟ್-4 ಎಂಬ ಅಧ್ಯಯನದಲ್ಲಿ 36 ವಾರ ತಿರ್ಜೆಪಟೈಡ್ ತೆಗೆದುಕೊಂಡವರು ಸರಾಸರಿ ಶೇ. 20.9ರಷ್ಟು ತೂಕ ಇಳಿಸಿದ್ದರು. ಅನಂತರದ 52 ವಾರ ಔಷಧ ಮುಂದುವರಿಸಿದವರ ತೂಕ ಮತ್ತೆ ಶೇ. 5.5ರಷ್ಟು ಇಳಿದರೆ, ಔಷಧವಿಲ್ಲದ ಹುಸಿಮದ್ದಿಗೆ ಬದಲಾದವರ ತೂಕ ಶೇ. 14ರಷ್ಟು ಏರಿತು. ಇದೇ ಬಗೆಯ ಇನ್ನೊಂದು ತೂಕ ಇಳಿಕೆ ಔಷಧವಾದ ಸೆಮಾಗ್ಲುಟೈಡ್‌ನ ಸ್ಟೆಪ್-1 ಅಧ್ಯಯನದಲ್ಲೂ ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತ್ತು. ಈ ಅಂಕಿಅಂಶಗಳು 2023ಕ್ಕೇ ಪ್ರಕಟವಾಗಿದ್ದವು. ನನ್ನಿಂದ ಹಣ ಪಡೆಯುವ ಮೊದಲೇ ಕ್ಲಿನಿಕ್ಕಿನ ವೈದ್ಯರು ಇವನ್ನು ನನ್ನ ಮುಂದಿಡಬಹುದಿತ್ತು, ಇಡಬೇಕಿತ್ತು.

ತೂಕಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ರಕ್ತದೊತ್ತಡ. ತೂಕ ಇಳಿಯುತ್ತಿದ್ದಾಗ ತಲೆಸುತ್ತು ಬರುತ್ತಿದ್ದುದರಿಂದ ಬಿಪಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದರು. ಆ ನಿರ್ಧಾರ ಸರಿಯಾಗಿಯೇ ಇತ್ತು. ಆದರೆ ಚುಚ್ಚುಮದ್ದು ನಿಂತ ಮೇಲೆ ಅದನ್ನು ಮರಳಿ ಪರಿಶೀಲಿಸಬೇಕೆಂದು ಯಾರೂ ಹೇಳಲಿಲ್ಲ. ನಾಲ್ಕನೆಯ ತಿಂಗಳಲ್ಲಿ ತಲೆನೋವೆಂದು ನಮ್ಮ ಮನೆ ಹತ್ತಿರದ ವೈದ್ಯರ ಬಳಿ ಹೋದಾಗ 168/102 ಇತ್ತು. ಅವರು ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ನೋಡಿ, ‘ಈ ಅರ್ಧ ಮಾತ್ರೆ ಯಾವ ತೂಕಕ್ಕೆ ಬರೆದದ್ದು ಗೊತ್ತಾಯಿತೇನಮ್ಮಾ?’ ಎಂದು ಕೇಳಿದರು. ಸಕ್ಕರೆ ಕಾಯಿಲೆ ಇರುವವರಲ್ಲಿ ಇನ್ಸುಲಿನ್ ಅಥವಾ ಮಾತ್ರೆಗಳ ಪ್ರಮಾಣವನ್ನೂ ಹೀಗೆಯೇ ತಗ್ಗಿಸಿರುತ್ತಾರೆ. ಚುಚ್ಚುಮದ್ದು ಥಟ್ಟನೆ ನಿಂತರೆ ಸಕ್ಕರೆ ಏರುವುದು ಅವರಿಗೆ ತಿಳಿಯುವುದೂ ತಡವಾಗಬಹುದು.

ಇನ್ನೊಂದು ಅಪಾಯದಿಂದ ಅದೇ ವೈದ್ಯರು ನನ್ನನ್ನು ತಪ್ಪಿಸಿದರು. ಐದನೆಯ ತಿಂಗಳಲ್ಲಿ ಕ್ಲಿನಿಕ್ಕಿನಿಂದ ರಿಯಾಯಿತಿ ದರದಲ್ಲಿ ಮತ್ತೆ ಆರಂಭಿಸುವಂತೆ ವಾಟ್ಸಾಪ್ ಸಂದೇಶ ಬಂತು. ನಾನು ಕೊನೆಗೆ ತೆಗೆದುಕೊಳ್ಳುತ್ತಿದ್ದ 7.5 ಮಿಲಿಗ್ರಾಮಿನಿಂದಲೇ ಮುಂದುವರಿಸಬಹುದೆಂದು ಅದರಲ್ಲಿತ್ತು. ಇಷ್ಟು ದೀರ್ಘ ಬಿಡುವಿನ ನಂತರ ದೇಹಕ್ಕೆ ಆ ಪ್ರಮಾಣದ ಒಗ್ಗಿಕೆ ಉಳಿದಿರುವುದಿಲ್ಲ, ತೀವ್ರ ವಾಂತಿ, ಭೇದಿಯಾಗಿ ಮೈಯ ನೀರಿನಂಶವೇ ಬತ್ತಬಹುದು, ಆರಂಭಿಸುವುದೇ ಆದರೆ 2.5ರಿಂದಲೇ ಆರಂಭಿಸಬೇಕು ಎಂದು ವೈದ್ಯರು ವಿವರಿಸಿದರು.

ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಮದುವೆಯ ಸಿದ್ಧತೆಯಲ್ಲಿದ್ದ ಹುಡುಗಿಯರನ್ನೂ ನೋಡಿದ್ದೇನೆ. ಮಗುವಿನ ಯೋಚನೆ ಇರುವವರು ಸೆಮಾಗ್ಲುಟೈಡ್ ಅನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಅವರಿಗೆ ಯಾರಾದರೂ ಇದನ್ನು ಹೇಳಿದ್ದಾರೋ ಎಂಬ ಚಿಂತೆ ನನಗೆ ಈಗಲೂ ಇದೆ.

ಸದ್ಯ ನನ್ನ ತೂಕ 87 ಕಿಲೋ. ಬಿಪಿ ಮಾತ್ರೆ ಮೊದಲಿನ ಪ್ರಮಾಣಕ್ಕೆ ಮರಳಿದೆ. ಔಷಧದಿಂದ ಇಳಿಯುವ ತೂಕದಲ್ಲಿ ಸುಮಾರು ಕಾಲು ಭಾಗ ಸ್ನಾಯುವೂ ಸೇರಿದಂತೆ ಕೊಬ್ಬಲ್ಲದ ಅಂಗಾಂಶವೇ ಆಗಿರುತ್ತದೆ ಎಂದು ತಿಳಿದ ಮೇಲೆ ವಾರಕ್ಕೆ ಮೂರು ದಿನ ತೂಕ ಎತ್ತುವ ವ್ಯಾಯಾಮ ಮಾಡುತ್ತಿದ್ದೇನೆ. ಬೇಳೆ, ಮೊಟ್ಟೆಗಳನ್ನು ಹೆಚ್ಚಿಸಿದ್ದೇನೆ.

ಔಷಧಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅದು ತನ್ನ ಕೆಲಸವನ್ನು ಮಾಡಿತು. ಕ್ಲಿನಿಕ್ಕಿನ ಪ್ಯಾಕೇಜಿಗೆ ಎರಡು. ದೀರ್ಘಕಾಲದ ಕಾಯಿಲೆಗೆ ದೀರ್ಘಕಾಲ ಬೇಕಾಗಬಹುದಾದ ಔಷಧವನ್ನು ಆರು ತಿಂಗಳ ಕಂತಿನಲ್ಲಿ ಮಾರುವುದೇ ತಪ್ಪೆಂದು ನನ್ನ ಅನಿಸಿಕೆ. ಅಲ್ಲಿ ಹಣ ಕಟ್ಟಲು ಹೊರಟವರು, ನಿಲ್ಲಿಸುವ ದಿನದ ನಂತರದ ಮೂರು ತಿಂಗಳು ಯಾವ ಪರೀಕ್ಷೆ, ಯಾವ ಭೇಟಿ, ಯಾರ ಜವಾಬ್ದಾರಿ ಎಂಬುದನ್ನು ಮೊದಲ ಭೇಟಿಯಲ್ಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಹಣ ಕಟ್ಟಬೇಡಿ.