‘ಚಾರ್ಜ್’ ಪದದ ಮುಂದೆ ಅನುವಾದ ಆ್ಯಪ್: ಎಲ್ಲಿ ಪಾಸು, ಎಲ್ಲಿ ಫೇಲು

ಕಾಸರಗೋಡಿನ ಕನ್ನಡಿಗರ ಮನೆಗೆ ಬರುವ ಕಾಗದಪತ್ರ ಹೆಚ್ಚಾಗಿ ಒಂದೋ ಮಲಯಾಳದಲ್ಲಿ, ಇಲ್ಲದಿದ್ದರೆ ಇಂಗ್ಲಿಷಿನಲ್ಲಿ. ಹಾಗಾಗಿ ಫೋನಿನ ಕ್ಯಾಮೆರಾ ಹಿಡಿದರೆ ಕನ್ನಡ ಮಾಡಿಕೊಡುವ ಉಚಿತ ಆ್ಯಪ್‌ಗಳನ್ನು ಇಲ್ಲಿ ಎಲ್ಲರೂ ಬಳಸುತ್ತಾರೆ. ಅವು ಎಷ್ಟು ನಂಬಿಕಸ್ಥ ಎಂದು ತಿಳಿಯಲು ‘ಚಾರ್ಜ್’ ಎಂಬ ಒಂದು ಪದ ಸಾಕು. ಕರೆಂಟು ಬಿಲ್ಲಿನಿಂದ ಕೋರ್ಟಿನ ನೋಟೀಸಿನವರೆಗೆ ಅದಿಲ್ಲದ ಕಾಗದವೇ ಅಪರೂಪ.

ಕರೆಂಟು ಬಿಲ್ಲಿನಲ್ಲಿ ಒಳ್ಳೆಯ ಅಂಕ ಕೊಡಬಹುದು. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯವರ ಎರಡು ತಿಂಗಳ ಬಿಲ್ಲಿನ ಫಿಕ್ಸೆಡ್ ಚಾರ್ಜ್, ಎನರ್ಜಿ ಚಾರ್ಜ್ ಎರಡಕ್ಕೂ ‘ಶುಲ್ಕ’ ಎಂದರೆ ಸರಿಯೇ. ಮೊದಲನೆಯದು ಮನೆಗೆ ಬೀಗ ಹಾಕಿದ್ದರೂ ಕಟ್ಟಬೇಕಾದದ್ದು, ಎರಡನೆಯದು ಖರ್ಚಾದ ಯೂನಿಟ್ಟಿನ ಹಣ. ತೊಂದರೆ ಬರುವುದು ‘ಇಸಿ’ ಎಂದು ಚುಟುಕಾಗಿ ಬರೆದಾಗ. ಬಿಲ್ಲಿನ ಇಸಿ ಎಂದರೆ ಎನರ್ಜಿ ಚಾರ್ಜ್. ಸಬ್‌ರಿಜಿಸ್ಟ್ರಾರ್ ಕಚೇರಿಯ ಇಸಿ ಎಂದರೆ ಜಾಗದ ಮೇಲಿನ ಋಣಭಾರದ ಸರ್ಟಿಫಿಕೇಟ್. ಈ ವ್ಯತ್ಯಾಸವನ್ನು ಆ್ಯಪ್ ಗುರುತಿಸುತ್ತದೆ ಎಂದು ನಿರೀಕ್ಷಿಸಬೇಡಿ.

ನಿಜವಾದ ಅಪಾಯ ಇರುವುದು ಸಾಲದ ಕಾಗದದಲ್ಲಿ. ಅಡಿಕೆ ತೋಟದ ಮೇಲೆ ಸಾಲ ತೆಗೆದಾಗ ‘ಫಸ್ಟ್ ಚಾರ್ಜ್ ಆನ್ ದ ಪ್ರಾಪರ್ಟಿ’ ಎಂಬ ಸಾಲು ಬರುತ್ತದೆ. ಆ್ಯಪ್ ಅದನ್ನು ‘ಆಸ್ತಿಯ ಮೇಲೆ ಮೊದಲ ಶುಲ್ಕ’ ಮಾಡಿಬಿಟ್ಟರೆ ಓದಿದವರು ಏನೋ ಸಣ್ಣ ಫೀಸು ಎಂದುಕೊಳ್ಳುತ್ತಾರೆ. ಅಲ್ಲ. ಆ ಸಾಲಕ್ಕೆ ಜಾಗವೇ ಹೊಣೆ. ಬಾಕಿ ವಸೂಲಿಗೆ ಜಾಗ ಮಾರಿದರೆ ಬಂದ ಹಣದಲ್ಲಿ ಮೊದಲ ಹಕ್ಕು ಸಾಲ ಕೊಟ್ಟವರದ್ದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಸೆಕ್ಷನ್ ಹೇಳುವ ಚಾರ್ಜ್ ಇದೇ. ಅದೇ ಕಾಗದದಲ್ಲಿ ಪ್ರೊಸೆಸಿಂಗ್ ಚಾರ್ಜ್ ಕೂಡ ಇರುತ್ತದೆ, ಅದು ಮಾತ್ರ ಫೀಸು. ಎರಡಕ್ಕೂ ‘ಶುಲ್ಕ’ ಎಂದು ಕಂಡರೆ ಸಹಿ ಹಾಕಬೇಡಿ.

ಆ್ಯಪ್ ಯಾಕೆ ತಪ್ಪುತ್ತದೆ? ‘ಚಾರ್ಜ್’ನ ಅರ್ಥ ಹೆಚ್ಚಾಗಿ ಅದರ ಪಕ್ಕದ ಪುಟ್ಟ ಪದದಲ್ಲಿದೆ. ‘ಫಾರ್’ ಬಂದರೆ ಹಣ, ‘ವಿತ್’ ಬಂದರೆ ಆರೋಪ, ‘ಇನ್ ಚಾರ್ಜ್ ಆಫ್’ ಎಂದರೆ ಉಸ್ತುವಾರಿ, ‘ಆನ್’ ಜೊತೆಗೆ ಆಸ್ತಿಯ ಹೆಸರಿದ್ದರೆ ಸಾಲದ ಹೊಣೆ. ಮಡಚಿದ ಕಾಗದಕ್ಕೆ ನೇರ ಕ್ಯಾಮೆರಾ ಹಿಡಿದಾಗ ವಾಕ್ಯ ಸಾಲು ಸಾಲಾಗಿ ತುಂಡಾಗಿ, ಆ ಪುಟ್ಟ ಪದ ಕೆಳಗಿನ ಸಾಲಿಗೆ ಹೋಗುತ್ತದೆ.

ಅದಕ್ಕೆ ಕಾಗದವನ್ನು ಹಗಲು ಬೆಳಕಿನಲ್ಲಿ ಚಪ್ಪಟೆಯಾಗಿಟ್ಟು ಮೊದಲು ಫೋಟೋ ತೆಗೆಯಿರಿ. ಅಕ್ಷರಗಳನ್ನು ಕಾಪಿ ಮಾಡಿ, ತುಂಡಾದ ಸಾಲುಗಳನ್ನು ಕೂಡಿಸಿ, ಪೂರ್ಣವಿರಾಮದವರೆಗಿನ ಇಡೀ ವಾಕ್ಯವನ್ನು ಕೊಡಿ. ಬಂದ ಕನ್ನಡವನ್ನು ತಿರುಗಿ ಇಂಗ್ಲಿಷಿಗೆ ಹಾಕಿ. ‘ಚಾರ್ಜ್’ ಇದ್ದ ಜಾಗದಲ್ಲಿ ‘ಫೀ’ ಬಂದು, ವಾಕ್ಯದಲ್ಲಿ ರೂಪಾಯಿಯ ಸುದ್ದಿಯೇ ಇಲ್ಲದಿದ್ದರೆ ಅನುವಾದ ಕೆಟ್ಟಿದೆ ಎಂದೇ ಲೆಕ್ಕ.

ಕೋರ್ಟಿನ ಕಾಗದದಲ್ಲಿ ‘ಆರೋಪ’ ಎಂದು ಬಂದರೂ ಸಾಲದು. ಚಾರ್ಜ್‌ಶೀಟ್ ಎಂದರೆ ತನಿಖೆ ಮುಗಿಸಿ ಪೊಲೀಸರು ಕೊಡುವುದು. ಚಾರ್ಜ್ ಫ್ರೇಮ್ ಮಾಡುವುದು, ಅಂದರೆ ಆರೋಪ ನಿಗದಿ ಮಾಡುವುದು, ನ್ಯಾಯಾಧೀಶರು. ಕೇಸು ಯಾವ ಹಂತದಲ್ಲಿದೆ ಎಂಬುದು ಇದರಲ್ಲೇ ಇದೆ. ಮಕ್ಕಳ ವಿಜ್ಞಾನ ಪಾಠದ ಚಾರ್ಜ್ ‘ವಿದ್ಯುದಾವೇಶ’, ಶುಲ್ಕವೂ ಅಲ್ಲ, ಆರೋಪವೂ ಅಲ್ಲ. ಮಂಗಳೂರಿನ ಆಸ್ಪತ್ರೆಗಳ ಚೀಟಿಯಲ್ಲಿ ಇದರ ಒಡಹುಟ್ಟು ‘ಡಿಸ್ಚಾರ್ಜ್’ ಇರುತ್ತದೆ. ಗಾಯದ ಮಾತು ಬಂದ ಕಡೆ ಅದು ಕೀವು, ನೀರು ಸೋರುವುದು. ‘ಬಿಡುಗಡೆ’ ಎಂದು ಓದಿ ಸುಮ್ಮನಿದ್ದರೆ ಹುಣ್ಣು ಬಲಿಯುತ್ತದೆ.

ಬಿಲ್ಲು, ರಶೀದಿ, ಬೋರ್ಡು ಓದಲು ಆ್ಯಪ್ ಧಾರಾಳ ಸಾಕು. ಸಾಲ, ಕೋರ್ಟು, ಔಷಧಕ್ಕೆ ತಿಳಿದವರನ್ನೇ ಕೇಳಿ. ಸರಕಾರಿ ಕಚೇರಿಯ ವಿಷಯವಾದರೆ ಆ್ಯಪ್‌ನ ಹಂಗೇ ಬೇಡ: ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗೆ ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಅರ್ಜಿಯಲ್ಲಿ ಅದನ್ನು ಒಂದು ಸಾಲಿನಲ್ಲಿ ನಮೂದಿಸಿ. ಬ್ಯಾಂಕಿಗೆ ಈ ಕಾಯ್ದೆ ತಾಗುವುದಿಲ್ಲ.